ಮಾವನ ಬಾಯಿ ಮುಚ್ಚಿಸಿದ ಹೋಟೆಲು

ನನ್ನ ಸೋದರಮಾವ ಇಪ್ಪತ್ತೆಂಟು ವರ್ಷ ಒಂದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಅಡುಗೆಮನೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿ, "ಬಿಸಿ, ಬಿಸಿ" ಎಂದು ಕೂಗುತ್ತಾ ಹೊರಬರುತ್ತಿದ್ದ. ಆ ಕೂಗಿಗೆ ಚಾಚಿದ ಕಾಲುಗಳು ಒಳಗೆ ಸರಿಯುತ್ತಿದ್ದವು, ಓಡುವ ಮಕ್ಕಳು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಮನೆಯಲ್ಲಿ ತಣ್ಣೀರಿನ ಲೋಟ ತಂದರೂ ಹಾಗೇ ಕೂಗುತ್ತಿದ್ದ. ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹೋದ ವರ್ಷ ಮಾಲೀಕರಿಗೆ ದೊಡ್ಡ ಗಿರಾಕಿಗಳ ಹುಚ್ಚು ಹಿಡಿಯಿತು. ಕುರ್ಚಿಗಳಿಗೆ ಬಟ್ಟೆ ಹೊದಿಸಿದರು, ದೀಪ ಮಬ್ಬು ಮಾಡಿದರು, ಸಪ್ಲೈಯರುಗಳು ತುಟಿಪಿಟಕ್ಕೆನ್ನಬಾರದು ಎಂದು ಅಪ್ಪಣೆ ಹೊರಡಿಸಿದರು. ಕೂಗಿದರೆ ಸಂತೆಯ ಹಾಗಿರುತ್ತದಂತೆ. ಗಿರಾಕಿಗಳ ಮಕ್ಕಳು ಮಾತ್ರ ಮೇಜುಗಳ ನಡುವೆ ಕಿರುಚಿಕೊಂಡು ಓಡಬಹುದಿತ್ತು. ಅವರನ್ನು ಗದರುವ ಧೈರ್ಯ ಯಾರಿಗಿತ್ತು? ಹೆತ್ತವರಂತೂ ಮೊಬೈಲಿನಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಾವ ಕುದಿಯುವ ಸೂಪಿನ ಪಾತ್ರೆ ಹಿಡಿದು, ಬಾಯಿ ಮುಚ್ಚಿಕೊಂಡು ಹೊರಬಂದ. ನಾಲ್ಕು ವರ್ಷದ ಹುಡುಗಿಯೊಬ್ಬಳು ಕೇಕೆ ಹಾಕುತ್ತಾ ಅವನ ಕಾಲಿಗೇ ನುಗ್ಗಿದಳು. ಮಾವ ಪಾತ್ರೆಯನ್ನು ತನ್ನ ಕಡೆಗೇ ವಾಲಿಸಿಕೊಂಡ. ಮಗುವಿಗೆ ಒಂದು ಹನಿಯೂ ಸಿಡಿಯಲಿಲ್ಲ. ಮಾವನ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಮಗುವಿನ ಅಪ್ಪ ಎದ್ದು ಬಂದು, ಕಣ್ಣು ಕಾಣಿಸುವುದಿಲ್ಲವೇ ಎಂದು ಮಾವನನ್ನೇ ಬೈದ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಎರಡು ತಿಂಗಳಾದರೂ ಬೆರಳು ಪೂರ್ತಿ ಮಡಚಲು ಬರಲಿಲ್ಲ. ಆ ಕೈಯಲ್ಲಿ ಇನ್ನು ತಟ್ಟೆ ಹೊರುವ ಹಾಗಿರಲಿಲ್ಲ. ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಆಗ ಮಾಲೀಕರಿಂದ ಕರೆ ಬಂತು. ಏನೇ ಹೇಳಿದರೂ ಒಪ್ಪಿಕೋ ಎಂದು ಅತ್ತೆ ಬೇಡಿಕೊಂಡು, ನನ್ನನ್ನೂ ಜೊತೆಗೆ ಕಳಿಸಿದಳು.

ಬಾಗಿಲಿಗೆ ಹೊಸ ಬೋರ್ಡ್ ಬಂದಿತ್ತು: ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಮಾವ ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಮಕ್ಕಳನ್ನು ಕರೆತಂದವರನ್ನು ವಾಪಸು ಕಳಿಸಬೇಕು, ಸಂಬಳ ಮೊದಲಿನಷ್ಟೇ. ಸುಟ್ಟ ಕೈ ತೋರಿಸಿದರೆ ಯಾರೂ ವಾದಕ್ಕೆ ನಿಲ್ಲುವುದಿಲ್ಲ ಎಂದೂ ಮಾಲೀಕರು ನಕ್ಕು ಹೇಳಿದರು. ನಾಚಿಕೆ ಅನ್ನುವುದು ಒಂಚೂರೂ ಇರಲಿಲ್ಲ ಆ ಮುಖದಲ್ಲಿ.

ಮಾವ ಬೋರ್ಡನ್ನೇ ನೋಡುತ್ತಾ ನಿಂತ. ಬಾಯಿಗೆ ಬಂದಂತೆ ಬೈಯುತ್ತಾನೆ ಎಂದುಕೊಂಡೆ. ಅವನು ದನಿ ಎತ್ತಲೇ ಇಲ್ಲ.

"ಯಜಮಾನ್ರೇ, ಆ ಮಗು ಕಿರುಚ್ತಾ ಬಂತು. ಅದು ಎಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಅದರಿಂದ. ನಾನು ಎಲ್ಲಿದೀನಿ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕಿತ್ತು? ನನ್ನ ಬಾಯಿ ಮುಚ್ಚಿಸಿದ್ದು ನೀವಲ್ವಾ?"

ಮಾವ ಆ ಕೆಲಸ ಬೇಡವೆಂದು ಹೊರಟುಬಿಟ್ಟ. ಮನೆಗೆ ಹೋಗಿ ಅತ್ತೆಗೆ ಏನು ಹೇಳುವುದೋ ನಮ್ಮಿಬ್ಬರಿಗೂ ತಿಳಿಯಲಿಲ್ಲ.