ಓಡದ ಕಾರಿನ ಚಾಸಿ ನಂಬರು

ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ನಾನು ಹೊಸಪೇಟೆಯ ಒಂದು ವಿಮಾ ಕಚೇರಿಯಲ್ಲಿದ್ದೆ. ಗಾಡಿಗಳನ್ನು ಖುದ್ದು ಹೋಗಿ ನೋಡಿ, ವಿಮೆಗೆ ಯೋಗ್ಯವೋ ಅಲ್ಲವೋ ಎಂದು ಬರೆದುಕೊಡುವುದು ನನ್ನ ಕೆಲಸ. ನಮ್ಮ ಶಾಖೆಯಲ್ಲಿ ಆ ಕೆಲಸಕ್ಕೆ ಬಂದ ಮೊದಲ ಹೆಂಗಸು ನಾನೇ. ಬುಕ್ಕಸಾಗರದ ಭತ್ತದ ಗದ್ದೆಯಲ್ಲಿ ಬೆಳೆದವಳಿಗೆ ಲಾರಿಯ ಬಗ್ಗೆ ಏನು ಗೊತ್ತು ಎಂದು ಮೊದಮೊದಲು ಲಾರಿಯವರು ಮುಖ ತಿರುಗಿಸಿ ನಗುತ್ತಿದ್ದರು. ಎರಡು ವರ್ಷ ಅದಿರು ಲಾರಿಗಳ ಕೆಳಗೆ ಬಗ್ಗಿ ಬಗ್ಗಿ ನೋಡಿದ ಮೇಲೆ, ಟೈರಿನ ಸವೆತ ಕಂಡೇ ಗಾಡಿ ಎಂಥ ಭಾರ ಹೊತ್ತಿದೆ ಎಂದು ಹೇಳುವಷ್ಟು ಕಲಿತೆ. ಆಮೇಲೆ ಯಾರೂ ನಗಲಿಲ್ಲ.

ಒಂದು ಮಧ್ಯಾಹ್ನ ಬಂಡ್ರಿಯ ಲಾರಿ ಮಾಲೀಕರೊಬ್ಬರು ಬಂದರು. ಅವರ ಲಾರಿಗಳ ವಿಮೆಯೆಲ್ಲ ನಮ್ಮಲ್ಲೇ ಇತ್ತು. ಹರೆಯದಲ್ಲಿ ಸಂಡೂರಿನ ಗುಡ್ಡದಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದವರು, ಆಮೇಲೆ ಕ್ಲೀನರ್, ಆಮೇಲೆ ಡ್ರೈವರ್, ಈಗ ಮಾಲೀಕರು. ಬಿಳಿ ಅಂಗಿ ಹಾಕಿದರೂ ಅದಿರಿನ ಧೂಳಿಗೆ ಕಾಲರಿನಂಚು ಕೆಂಪಗೇ ಇರುತ್ತಿತ್ತು. ಅವತ್ತು ಮೇಜಿನ ಮೇಲೆ ಒಂದು ಫೋಟೋ ಇಟ್ಟರು. ಎರಡೇ ಬಾಗಿಲಿನ, ನೆಲಕ್ಕೆ ಒರಗಿದಂತಿದ್ದ ಹಳದಿ ಕಾರು. ಹೊರದೇಶದ ಕಂಪನಿಯೊಂದು ಆ ಮಾದರಿಯನ್ನು ಕೆಲವೇ ಕೆಲವು ಮಾಡಿ ನಿಲ್ಲಿಸಿತ್ತಂತೆ. ನಮ್ಮ ಕಚೇರಿಯವರೆಲ್ಲ ಕುರ್ಚಿ ಬಿಟ್ಟು ಎದ್ದು ಬಂದರು.

ನಾನು ಅರ್ಜಿ ತೆಗೆದು ಒಂದೊಂದೇ ಕೇಳತೊಡಗಿದೆ.

"ಬಳಕೆಯ ಉದ್ದೇಶ ಏನು ಬರೀಲಿ?"

"ಅಂದ್ರ?"

"ಕಾರು ಯಾತಕ್ಕ ತಗೊಂಡೀರಿ ಅಂತ."

"ನೋಡಾಕ್ರಿ."

ಪಕ್ಕದಲ್ಲಿ ನಿಂತಿದ್ದ ನಮ್ಮ ಮ್ಯಾನೇಜರು ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. "ವರ್ಷಕ್ಕ ಎಷ್ಟು ಕಿಲೋಮೀಟರ್ ಓಡಿಸ್ತೀರಿ?"

"ಸೊನ್ನಿ ಬರೀರಿ. ಹಡಗಿನಿಂದ ಇಳಿಸಿ ಲಾರ್ಯಾಗ ಹಾಕ್ಕೊಂಡು ಬಂದೀನಿ. ರಸ್ತೆಗೆ ಇದರ ಗಾಲಿ ತಾಗಿಲ್ಲ, ತಾಗೂದೂ ಇಲ್ಲ."

ಯಾಕೆ ಎಂದು ಕೇಳಿದೆ. ಅವರು ಫೋಟೋವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ನಾ ಮುಟ್ಟಿದ್ದೆಲ್ಲ ಹಳೇದ್ರಿ, ಮೇಡಂ. ಹಳೇ ಲಾರಿ, ಹಳೇ ಟೈರು, ಮಂದಿ ಹಾಕ್ಕೊಂಡು ಬಿಟ್ಟ ಅಂಗಿ. ನನ್ನ ಕೈಯಾಗ ಒಂದಾದರೂ ಹೊಸಾದು ಹೊಸಾದಾಗೇ ಉಳೀಲಿ ಅಂತ ಆಸಿ."

ನಾನು ಕಿಲೋಮೀಟರಿನ ಮುಂದೆ ಸೊನ್ನೆ ಬರೆದೆ.

ಮರುದಿನ ನಾನು ಬಸ್ಸು ಹತ್ತಿ ಬಂಡ್ರಿಗೆ ಹೋದೆ. ಸಂಡೂರು ದಾಟುವವರೆಗೆ ಬಸ್ಸು ಅದಿರು ಲಾರಿಗಳ ಹಿಂದೆ ತೆವಳಿತು, ಇಳಿಯುವಾಗ ಕೆಂಪು ಧೂಳಿನಲ್ಲಿ ನನ್ನ ಸೀರೆಯ ಬಣ್ಣ ನನಗೇ ಗುರುತು ಸಿಗಲಿಲ್ಲ. ಅವರ ಹೆಂಡತಿ ತಂಬಿಗೆಯಲ್ಲಿ ನೀರು ಹಿಡಿದು ಅಂಗಳದಲ್ಲೇ ನಿಂತಿದ್ದರು. "ಕಾಲು ತೊಳಕೊಂಡು ಬರ್ರಿ. ಧೂಳ ಕಾಲಿಂದ ಒಳಗ ಬಿಡೂದಿಲ್ಲ ಇವ್ರು. ದೇವರ ಮನಿಗೂ ಇಷ್ಟು ನೇಮ ಇಲ್ಲ."

ಕಾರು ನಿಲ್ಲಿಸಿದ ಶೆಡ್ಡಿನ ಸಂದುಗಳಿಗೆಲ್ಲ ಧೂಳು ಬಾರದಂತೆ ಒದ್ದೆ ಗೋಣಿ ತುರುಕಿದ್ದರು. ಮಾಲೀಕರು ಕಾರಿನ ಮೇಲಿನ ಬಿಳಿ ಬಟ್ಟೆ ಸರಿಸಿದರು. ಊರಿನ ಮರ, ಗೋಡೆ, ಎಮ್ಮೆ ಎಲ್ಲ ಕೆಂಪಾಗಿದ್ದ ಕಾಲದಲ್ಲಿ ಅಷ್ಟು ಸ್ವಚ್ಛವಾದ ಹಳದಿಯನ್ನು ನಾನು ನೋಡಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ಹಾಗೇ ಇತ್ತು.

ನೋಂದಣಿಯಾಗದ ಕಾರಿಗೆ ಚಾಸಿ ನಂಬರೊಂದೇ ಗುರುತು. "ಗಾಜಿನ ಹತ್ರ ಐತಲ್ರಿ, ಅದನ್ನ ಬರಕೊಳ್ರಿ, ಸಾಕು," ಅಂದರು ಮಾಲೀಕರು. ನನಗೆ ಸಾಕಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಅಂಗಾತ ಮಲಗಿ, ಟಾರ್ಚ್ ಹಿಡಿದು, ಕೆಳಗಿನ ಚೌಕಟ್ಟಿನಲ್ಲಿ ಕೊರೆದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆ. ಎದ್ದು ಬಂದು ಮಾರಿದವರ ಬಿಲ್ಲಿನ ಜೊತೆ ಹಿಡಿದು ನೋಡಿದರೆ ಒಂದು ಅಂಕಿ ಬೇರೆ. ಕಾರಿನ ಮೇಲೆ ಎಂಟು, ಬಿಲ್ಲಿನಲ್ಲಿ ಮೂರು. ಬಂದರಿನ ಕಾಗದದಲ್ಲೂ ಎಂಟೇ ಇತ್ತು.

"ಬಿಲ್ ತಿದ್ದಿಸಿಕೊಂಡು ಬರೋತನಕ ಪಾಲಿಸಿ ಕೊಡಾಕ ಆಗೂದಿಲ್ರಿ," ಅಂದೆ.

ಅವರ ಮುಖ ಕಪ್ಪಿಟ್ಟಿತು. "ನಂದು ಕಳ್ಳ ಗಾಡಿ ಅಂತೀರೇನು?"

"ಕಳ್ಳ ಗಾಡಿ ಅಲ್ಲ. ಆದ್ರ ನಾಳೆ ಏನರ ಆದ್ರ, ಕಾಗದದಾಗಿನ ಕಾರೇ ಬ್ಯಾರೆ, ನಿಮ್ಮ ಶೆಡ್ಡಿನಾಗಿಂದೇ ಬ್ಯಾರೆ ಅಂತಾರ. ಆವಾಗ ಏನ್ ಮಾಡ್ತೀರಿ?"

ಅವರು ಬಟ್ಟೆ ಎಳೆದು ಕಾರು ಮುಚ್ಚಿದರು. ಚಹಾ ಕುಡಿಯಲೂ ಹೇಳಲಿಲ್ಲ. ಹೆಂಡತಿಯೇ ಬಸ್ಸಿನವರೆಗೆ ಬಂದು ಕಳಿಸಿದರು.

ಕಾರು ಮಾರಿದವರು ಫೋನಿನಲ್ಲಿ, "ಸಣ್ಣ ತಪ್ಪು ಮೇಡಂ, ಅಡ್ಜಸ್ಟ್ ಮಾಡಿಕೊಳ್ಳಿ," ಎಂದರು. ನಮ್ಮ ಮ್ಯಾನೇಜರು, "ಇಂಥಾ ಪಾಲಿಸಿ ನಮ್ಮ ಶಾಖೆಗೆ ಮತ್ತೆ ಬರೂದಿಲ್ಲ, ಬಿಲ್ಲಿನ ನಂಬರೇ ಹಾಕಿ ಕೊಟ್ಟುಬಿಡ್ರಿ," ಎಂದು ದಿನಾ ಹೇಳಿದರು. "ಹಂಗಾರ ನೀವೇ ಸಹಿ ಮಾಡ್ರಿ, ಸರ್," ಅಂದೆ. ಅವರು ಮಾಡಲಿಲ್ಲ. ಮೂರು ವಾರ ಕಡತ ನನ್ನ ಮೇಜಿನ ಮೇಲೇ ಇತ್ತು. ಮಾಲೀಕರು ಬೇರೆ ಕಂಪನಿಗೆ ಹೋದರೇನೋ ಎಂದು ನನಗೂ ಒಳಗೊಳಗೆ ಅಳುಕಿತ್ತು. ನಾಲ್ಕನೆಯ ವಾರ ಅವರೇ ಬಂದು, ಮಾರಿದವರಿಂದ ತಿದ್ದಿಸಿದ ಬಿಲ್ಲನ್ನು ಮೇಜಿನ ಮೇಲಿಟ್ಟರು. ನಾನು ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ ಪಾಲಿಸಿ ಬರೆದೆ.

ಮುಂದಿನ ಬೇಸಿಗೆಯ ಕೊನೆಗೆ ಒಂದು ಸಂಜೆ ದೊಡ್ಡ ಬಿರುಗಾಳಿ ಎದ್ದಿತು. ಕಂಪ್ಲಿ ಕಡೆ ಬಾಳೆತೋಟಗಳು ಮಲಗಿದವು. ಬಂಡ್ರಿಯಲ್ಲಿ ಆ ಶೆಡ್ಡಿನ ತಗಡು ಕಿತ್ತು, ಅಡ್ಡಗಂಬದ ಸಮೇತ ಕಾರಿನ ಮೇಲೆ ಬಿತ್ತು. ಮುಂದಿನ ಗಾಜು ಪುಡಿಯಾಯಿತು, ಮೇಲ್ಛಾವಣಿ ತಗ್ಗಿತು.

ನಷ್ಟ ಅಳೆಯಲು ದೊಡ್ಡ ಊರಿನಿಂದ ಸರ್ವೇಯರ್ ಬಂದರು. ಇಂಥ ಊರಲ್ಲಿ ಇಂಥ ಕಾರು ಇರುವುದೇ ಅವರಿಗೆ ಅನುಮಾನ. ಕೈಕುಲುಕುವ ಮೊದಲೇ ಚಾಸಿ ನಂಬರ್ ಕೇಳಿದರು. ತಾವೇ ನೆಲಕ್ಕೆ ಬಗ್ಗಿ ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿದರು. ನಾನು ಪಾಲಿಸಿ ಹಿಡಿದು ಎದುರು ನಿಂತು ಒಂದೊಂದಕ್ಕೂ "ಹೌದು" ಅಂದೆ. ಎಂಟು ಬಂದಾಗ ಮಾಲೀಕರು ನನ್ನ ಕಡೆ ನೋಡಿದರು. ನಾನು ಕಾಗದದಿಂದ ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ ನಕ್ಕುಬಿಡುತ್ತಿದ್ದೆ.

ಸರ್ವೇಯರ್ ಎದ್ದು ಮೊಣಕಾಲು ಒರೆಸಿಕೊಂಡರು. "ಇನ್‌ಸ್ಪೆಕ್ಷನ್ ಯಾರು ಮಾಡಿದ್ದು?"

"ನಮ್ಮ ಮೇಡಂ ರೀ," ಅಂದರು ಮಾಲೀಕರು. "ಇದೇ ನೆಲದ ಮ್ಯಾಲೆ ಮಲಕ್ಕೊಂಡು ನೋಡ್ಯಾರ."

ಅವರ ಬಾಯಲ್ಲಿ "ನಮ್ಮ" ಎಂಬ ಮಾತು ಕೇಳಿ ನನಗಾದ ಹೆಮ್ಮೆ ಆಮೇಲೆ ಬಂದ ಬಡ್ತಿಯಲ್ಲೂ ಆಗಲಿಲ್ಲ. ಪರಿಹಾರ ತಕರಾರಿಲ್ಲದೆ ಮಂಜೂರಾಯಿತು. ಹೊಸ ಗಾಜು ಹಡಗಿನಲ್ಲೇ ಬರಬೇಕಿತ್ತು, ತಿಂಗಳುಗಟ್ಟಲೆ ಹಿಡಿಯಿತು. ಬೇಜಾರಾಗಿರಬಹುದೆಂದು ನಾನೇ ಒಮ್ಮೆ ಮಾಲೀಕರಿಗೆ ಫೋನ್ ಮಾಡಿದೆ. "ಗಾಜು ಹೋತು, ಖರೆ," ಅಂದರು. "ಆದ್ರ ಗಾಲಿಗೆ ಇನ್ನೂ ರಸ್ತಿ ಗೊತ್ತಿಲ್ರಿ. ಅಷ್ಟು ಸಾಕು."

ಪಾಲಿಸಿಯ ನವೀಕರಣಕ್ಕೆ ಅವರು ಬಂದಾಗ ಅವರ ಹಿಂದೆ ಸಂಡೂರಿನ ಇನ್ನೂ ನಾಲ್ಕು ಜನ ಲಾರಿ ಮಾಲೀಕರಿದ್ದರು, ಕೈಯಲ್ಲಿ ಕಾಗದದ ಚೀಲ ಹಿಡಿದು. ಮ್ಯಾನೇಜರು ಎದ್ದು ತಮ್ಮ ಕೋಣೆಗೆ ಕರೆದರು. ಐವರೂ ಒಳಗೆ ಹೋಗದೆ ನನ್ನ ಮೇಜಿನ ಮುಂದೆ ಸಾಲಾಗಿ ಕುರ್ಚಿ ಎಳೆದು ಕೂತರು.

"ಈ ಮೇಡಂ ಭಾಳ ಕಾಡ್ತಾರ, ಮೊದಲೇ ಹೇಳೀನಿ," ಎಂದು ಬಂಡ್ರಿಯ ಮಾಲೀಕರು ಉಳಿದವರಿಗೆಲ್ಲ ಕೇಳುವಂತೆ ಹೇಳಿದರು. "ಆದ್ರ ಇವ್ರು ಬರದದ್ದು ನಿಲ್ತೈತಿ."

ನಾನು ಪೆನ್ನಿನ ಮುಚ್ಚಳ ತೆಗೆದು ಮೊದಲನೆಯವರ ಗಾಡಿ ಎಲ್ಲಿ ನಿಂತಿದೆ ಎಂದು ಕೇಳಿದೆ.