ಖಾಲಿ ರೊಪ್ಪದ ನಾಯಿ

ಕೊರೋನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ಮಧುಗಿರಿಯಲ್ಲಿ ನನ್ನ ಸ್ವಂತ ಪಶು ಕ್ಲಿನಿಕ್ ಶುರುವಾಗಿ ಬಹಳ ಕಾಲವಾಗಿತ್ತು. ನಾಯಿಗಳ ನಡತೆ ತಿದ್ದುವ ಕೆಲಸವನ್ನು ಮಾತ್ರ ಆಗಷ್ಟೇ ಹಚ್ಚಿಕೊಂಡಿದ್ದೆ. ನಾನು ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆಯವಳು. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅಪ್ಪನಿಗೆ ರುಜು ಹಾಕಲೂ ಬರುತ್ತಿರಲಿಲ್ಲ. ಬೋರ್ಡಿನ ಮೇಲೆ ಬಿ.ವಿ.ಎಸ್ಸಿ. ಎಂದು ಬರೆಸುವಾಗ ಪೇಂಟರಿಗೆ, ಹೆಸರು ಚಿಕ್ಕದಾದರೂ ಪರವಾಗಿಲ್ಲ, ಅದು ದಪ್ಪಗಿರಲಿ ಎಂದಿದ್ದೆ. ಕೆಳಗೆ ಕ್ಲಿನಿಕ್, ಮೇಲೆ ನನ್ನದೊಂದು ರೂಮು.

ಪಾವಗಡ ತಾಲ್ಲೂಕಿನ ವಳ್ಳೂರಿನ ಆಚೆಯ ಒಂದು ಹಟ್ಟಿಯಿಂದ ಚಿತ್ತಪ್ಪ ಎಂಬುವರು ಬಂದರು. ಐವತ್ತು ದಾಟಿದ ಆಳು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹುಟ್ಟಿದಾಗಿನಿಂದ ಕುರಿ ಕಾದವರು. ಗುಡ್ಡದ ಬುಡದ ಮೇವಿನ ಬಯಲಿನಲ್ಲಿ ಸೋಲಾರ್ ಪ್ಲೇಟುಗಳು ಎದ್ದ ಮೇಲೆ ಮಂದೆಯನ್ನು ಮಾರಿ, ಅದೇ ಪ್ಲೇಟುಗಳನ್ನು ತೊಳೆಯುವ ಕೆಲಸಕ್ಕೆ ಸೇರಿದ್ದರು. ಉಳಿದದ್ದು ಕೆಂಚ ಎಂಬ ನಾಯಿ. ಅದರ ಮೈಯಲ್ಲಿ ದಿನವಿಡೀ ಓಡುವ ಶಕ್ತಿ ಹಾಗೇ ಇತ್ತು, ಓಡಿಸಲು ಕುರಿ ಇರಲಿಲ್ಲ. ಹಾಗಾಗಿ ಬೈಕುಗಳನ್ನು ಅಡ್ಡಗಟ್ಟಲು ಶುರು ಮಾಡಿತ್ತು. ಕೊನೆಗೆ ತಿಪ್ಪೇಸ್ವಾಮಿ ಎಂಬ ಹಟ್ಟಿಯವನೊಬ್ಬ ಹೆಂಡತಿಯನ್ನು ಕೂರಿಸಿಕೊಂಡು ಬರುವಾಗ ಬೈಕು ಮಗುಚಿ, ಆಕೆಯ ಮುಂಗೈ ಮುರಿಯಿತು.

"ಅಮಾಸೆ ಒಳಗೆ ಸಾಗಾಕು ಅಂದವ್ನೆ ಕಣಮ್ಮ," ಎಂದರು ಚಿತ್ತಪ್ಪ. "ಇಲ್ಲಾಂದ್ರೆ ಅದಕ್ಕೇನಿಕ್ಬೇಕು ಅಂತ ನಮಗೂ ಗೊತ್ತೈತೆ ಅಂದ."

ಏನಿಕ್ಕುತ್ತಾರೆ ಎಂದು ನಾನು ಕೇಳಲಿಲ್ಲ. ಹಾಗೆ ವಿಷ ತಿಂದು ನೊರೆ ಕಾರುವ ನಾಯಿಗಳನ್ನು ನನ್ನ ಟೇಬಲ್ಲಿನ ಮೇಲೆ ಕಂಡಿದ್ದೆ. ಬಹಳಷ್ಟು ಉಳಿದಿರಲಿಲ್ಲ.

ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್ ಎಂದರೆ ತಪ್ಪಿಗೆ ಏಟು ಹಾಕುವ ಬದಲು, ಸರಿ ಮಾಡಿದ ಕ್ಷಣದಲ್ಲೇ ತುತ್ತು ಕೊಡುವುದು. ಕ್ಷಣ ತಪ್ಪಿದರೆ ಪಾಠವೂ ತಪ್ಪುತ್ತದೆ. ಚಿತ್ತಪ್ಪ ಹಗಲೆಲ್ಲ ಕೆಲಸದ ಮೇಲಿರುವಾಗ ಆ ಕ್ಷಣದಲ್ಲಿ ಕೊಡುವವರು ಯಾರು? ಅದಕ್ಕೇ ರಿಮೋಟ್ ಟ್ರೀಟ್ ಡಿಸ್ಪೆನ್ಸರ್ ತೆಗೆದುಕೊಂಡು ಹೋದೆ. ಕ್ಯಾಮೆರಾ ಇರುವ ಡಬ್ಬಿ ಅದು. ಮಧುಗಿರಿಯಲ್ಲಿ ಕೂತು ಫೋನಿನ ಬಟನ್ ಒತ್ತಿದರೆ, ಮೊದಲೇ ರೆಕಾರ್ಡ್ ಮಾಡಿದ ದನಿ ಅಲ್ಲಿ ಕೇಳಿಸಿ, ಒಂದು ತುಣುಕು ತಿನಿಸು ಬೀಳುತ್ತದೆ. ಅಂಗಳದ ಎರಡು ಕಂಬಕ್ಕೆ ತಂತಿ ಎಳೆದು, ಕೆಂಚನ ಸರಪಳಿಯನ್ನು ಅದರ ಮೇಲೆ ಜಾರುವ ಬಳೆಗೆ ಸಿಕ್ಕಿಸಿದೆವು. ಬೈಕಿನ ಸದ್ದಿಗೆ ಕೆಂಚನ ಕಿವಿ ನಿಮಿರಿದ ಕೂಡಲೇ, ಅದು ನುಗ್ಗುವ ಮೊದಲೇ, ಒಣಗಿಸಿದ ಕೋಳಿ ಲಿವರ್ ಬೀಳಬೇಕು. ಬರಬರುತ್ತಾ ಬೈಕು ಎಂದರೆ ಡಬ್ಬಿಯ ಕಡೆ ತಿರುಗುವುದು ಎಂದಾಗುತ್ತದೆ. ನಾನು ಎದುರಿಗಿದ್ದು ಕೈಯಿಂದ ತಿನ್ನಿಸಿದಾಗ ಕೆಂಚ ಬೇಗ ಕಲಿತಿತು. ಯಜಮಾನನ ದನಿಯೇ ಇರಲಿ ಎಂದು ರೆಕಾರ್ಡ್ ಮಾಡುವುದನ್ನು ಚಿತ್ತಪ್ಪನವರಿಗೆ ಬಿಟ್ಟು ಹೊರಟೆ.

ಹೊರಡುವಾಗ ತಿಪ್ಪೇಸ್ವಾಮಿ ಬೇಲಿಯಾಚೆ ನಿಂತಿದ್ದ. "ಡಾಕ್ಟ್ರಮ್ಮ ನಾಯಿಗೆ ಎಟಿಎಂ ತಂದವ್ರೆ ಕಣ್ಲಾ," ಎಂದು ಪಕ್ಕದವನಿಗೆ ನನಗೆ ಕೇಳುವಂತೆ ಹೇಳಿದ.

ಆ ಮೇಲೆ ಕ್ಲಿನಿಕ್ಕಿನ ಬಿಡುವಿನಲ್ಲೆಲ್ಲ ನನ್ನ ಕಣ್ಣು ಆ ಅಂಗಳದ ಮೇಲೇ. ಫೋನಿನಷ್ಟಗಲದ ಬಿಸಿಲು, ಅದರ ಪಕ್ಕದಲ್ಲಿ ಕಲ್ಲು ಗೋಡೆಯ ಖಾಲಿ ರೊಪ್ಪ, ಅಂದರೆ ಕುರಿ ಕೂಡುವ ಜಾಗ, ಮತ್ತು ಆ ನಾಯಿ. ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಆದರೂ ನೋಡುತ್ತಿದ್ದೆ. ಊಟದ ತಟ್ಟೆಯ ಪಕ್ಕದಲ್ಲೂ ಅದೇ ಇರುತ್ತಿತ್ತು.

ಪಾಠ ಮಾತ್ರ ಕೆಟ್ಟಿತು. ಬಟನ್ ಒತ್ತಿದರೆ ಕೆಂಚ ಡಬ್ಬಿಯ ಕಡೆ ತಿರುಗದೆ, ಸರಪಳಿ ಬಿಗಿಯುವವರೆಗೂ ರೊಪ್ಪದ ಕಡೆಗೆ ಓಡಿ, ಗುಡ್ಡ ನೋಡುತ್ತಾ ನಿಲ್ಲುತ್ತಿತ್ತು. ಲಿವರ್ ತಿಂದು ದಪ್ಪಗಾದದ್ದು ಹಟ್ಟಿಯ ಕೋಳಿಗಳು. ತಿನಿಸು ಹಿಡಿಸಲಿಲ್ಲವೇನೋ ಎಂದು ಬೇರೆ ಕಳಿಸಿದೆ. ಅದನ್ನೂ ಕೋಳಿಗಳೇ ತಿಂದವು.

ಒಂದು ಸಂಜೆ ಬೈಕೊಂದರ ಸದ್ದಿಗೆ ಕೆಂಚನ ಕಿವಿ ನಿಮಿರಿದ್ದು ಕಂಡು ಬಟನ್ ಒತ್ತಿದೆ. ಕೆಂಚ ಎಳೆದ ರಭಸಕ್ಕೆ ಬಳೆ ಕಿತ್ತು ಬಂತು. ನಿಲ್ಲಲಿ ಎಂದು ಮತ್ತೆ ಒತ್ತಿದೆ; ಒತ್ತಿದಷ್ಟೂ ಜೋರಾಗಿ ಓಡಿತು. ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಿಂದ ಶಾಲೆಯ ವ್ಯಾನಿಳಿದ ಮಕ್ಕಳು ಬ್ಯಾಗಿನ ಸಮೇತ ಗುಂಪಾಗಿ ಬಂದರು. ಹಿಂದೆ, ಎಡಕ್ಕೂ ಬಲಕ್ಕೂ ಬಾಗಿ ಬಾಗಿ ಓಡುತ್ತಾ ಕೆಂಚ. ಅಷ್ಟೂ ಮಕ್ಕಳನ್ನು ರೊಪ್ಪದೊಳಕ್ಕೆ ತುಂಬಿ ಬಾಗಿಲಿಗೆ ಅಡ್ಡ ನಿಂತಿತು. ಕಚ್ಚಲಿಲ್ಲ, ಬೊಗಳಲೂ ಇಲ್ಲ. ಕೆಲವು ಮಕ್ಕಳು ನಗುತ್ತಿದ್ದರು, ಒಂದು ಅಳುತ್ತಿತ್ತು. ಅಷ್ಟರಲ್ಲಿ ದೊಣ್ಣೆ ಹಿಡಿದವರು ಬಂದರು.

ರಾತ್ರಿ ಚಿತ್ತಪ್ಪ ಫೋನ್ ಮಾಡಿದರು: ಕೆಂಚನನ್ನು ಕಟ್ಟಿಹಾಕಿದ್ದರು, ತಿಪ್ಪೇಸ್ವಾಮಿ ಅಮಾವಾಸ್ಯೆಯ ಗಡುವನ್ನು ಮರುದಿನಕ್ಕೆ ಇಳಿಸಿದ್ದ. ಬೆಳಿಗ್ಗೆ ಕ್ಲಿನಿಕ್ ಮುಚ್ಚಿ ಪಾವಗಡದ ದಾರಿ ಹಿಡಿದೆ. ಓಡಿಸುವಾಗ ತಲೆಯಲ್ಲಿದ್ದದ್ದು ಒಂದೇ: ಆ ನಾಯಿ ಹುಚ್ಚಾಟ ಆಡಿರಲಿಲ್ಲ. ಯಾರೋ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸಿತ್ತು.

ಹೋದವಳೇ ಡಬ್ಬಿಯ ರೆಕಾರ್ಡಿಂಗನ್ನು ಗಟ್ಟಿಯಾಗಿ ಹಾಕಿದೆ. ಫೋನಿನಲ್ಲಿ ನನಗೆ ಅಲ್ಲಿಯ ಚಿತ್ರ ಮಾತ್ರ ಬರುತ್ತಿತ್ತು, ದನಿ ಕೇಳಿದ್ದು ಅದೇ ಮೊದಲು. ಅದರಲ್ಲಿ ಹೆಸರಿರಲಿಲ್ಲ, ನಾಲಿಗೆ ಮಡಿಸಿ ತೆಗೆದ ಒಂದು ಉದ್ದನೆಯ ಕೂಗಿತ್ತು. ಕಟ್ಟಿಹಾಕಿದ್ದ ಕೆಂಚ ದಡಕ್ಕನೆ ಎದ್ದು ಗುಡ್ಡದ ಕಡೆ ತಿರುಗಿತು.

ಇದೇನೆಂದು ಕೇಳಿದೆ. ಸಂಜೆ ಮಂದೆ ತಿರುಗಿಸಲು ಹಾಕುವ ಕೂಗು ಎಂದರು. ನಾಯಿಯ ಹೆಸರು ಕೂಗಲಿಲ್ಲವೇಕೆ?

"ಅದರ ಹೆಸರು ಹಿಡ್ದು ಯಾವತ್ತು ಕೂಗಿದ್ದೆ ನಾನು? ಪಕ್ಕದಾಗೇ ಇರ್ತಿತ್ತಲ್ಲ."

ಕುರಿಯೆಲ್ಲ ಸೇರಿದ ಮೇಲೆ ಕೆಲಸ ಮುಗಿಯಿತೆಂದು ಕೆಂಚನಿಗೆ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದೆ. ಅವರು ಯೋಚಿಸಿ ಹೇಳಿದರು. ರೊಪ್ಪದ ಬಾಗಿಲಿಗೆ ಬಿದಿರಿನ ತಡಿಕೆ ಹಾಕಿ, ಅದರ ಮೇಲೆ ಕೋಲಿನಿಂದ ಒಮ್ಮೆ ತಟ್ಟಿ, "ಅನ್ನೀ ವಚ್ಚೇಸ್ನಾಯಿ, ತಿನ್‌ರಾ" ಎನ್ನುತ್ತಿದ್ದರಂತೆ. ಎಲ್ಲವೂ ಬಂದವು, ಉಣ್ಣೋ ಎಂದು ಅರ್ಥ. ಆ ಕಡೆ ದನಕರುಗಳ ಜೊತೆ ತೆಲುಗೇ ಹೆಚ್ಚು. ಆ ಮೇಲೆ ಮುದ್ದೆ. ಕೆಂಚ ಉಂಡು ಮಲಗುತ್ತಿತ್ತು. ಮಂದೆಯನ್ನು ಲಾರಿಗೆ ಹತ್ತಿಸಿದ ದಿನ ಕಾಲಿಗೆ ಅಡ್ಡ ಬರುತ್ತದೆಂದು ಅದನ್ನು ಬೇರೆಯವರ ಮನೆಯಲ್ಲಿ ಕಟ್ಟಿದ್ದರು. ಅವತ್ತಿನಿಂದ ಆ ಮಾತು ಹೇಳಿದವರಿಲ್ಲ. ಅದರ ಪಾಲಿಗೆ ಕುರಿ ಇನ್ನೂ ಗುಡ್ಡದಲ್ಲೇ ಇದ್ದವು.

ಅದನ್ನೇ ರೆಕಾರ್ಡ್ ಮಾಡಿ ಎಂದೆ. ಚಿತ್ತಪ್ಪ ಆಗದೆಂದು ತಲೆಯಾಡಿಸಿದರು.

"ರೊಪ್ಪ ಖಾಲಿ ಐತೆ ಕಣಮ್ಮ. ಅದಕ್ಕೆ ಹೆಂಗೆ ಸುಳ್ಳು ಹೇಳ್ಲಿ?"

ಬೇಲಿಯಾಚೆ ತಿಪ್ಪೇಸ್ವಾಮಿ ಕಾಯುತ್ತಿದ್ದ. ತೋಚಿದ್ದನ್ನು ಹೇಳಿದೆ. "ಬರೋವು ಇನ್ನೇನೂ ಉಳಿದಿಲ್ಲ ಅಲ್ವಾ ಅಣ್ಣ? ಅಷ್ಟು ಹೇಳಿ ಸಾಕು. ಅದು ಸುಳ್ಳಲ್ಲ."

ಅವರು ಎದ್ದು ಹೋಗಿ, ಮೂಲೆಗೆ ಒರಗಿಸಿದ್ದ ತಡಿಕೆಯನ್ನು ಎಳೆದು ಖಾಲಿ ರೊಪ್ಪಕ್ಕೆ ಅಡ್ಡ ಹಾಕಿದರು. ಒಮ್ಮೆ ತಟ್ಟಿದರು. "ಅನ್ನೀ..." ಎಂದು ನಿಲ್ಲಿಸಿದರು. ಎರಡನೆಯ ಸಲ ಪೂರ್ತಿ ಹೇಳಿದರು. ಕೆಂಚ ಅವರನ್ನು ನೋಡಿತು, ತಡಿಕೆಯನ್ನು ನೋಡಿತು. ಬಂದು ಅದರ ಬುಡದಲ್ಲಿ ಉಸ್ಸೆಂದು ಮಲಗಿತು. ನಾನು ಬೀಳಿಸಿದ ಲಿವರನ್ನು ಮಲಗಿದಲ್ಲೇ ತಿಂದಿತು.

ತಿಪ್ಪೇಸ್ವಾಮಿ ಅದನ್ನೆಲ್ಲ ನೋಡಿದ್ದ. ಗಡುವನ್ನು ಮತ್ತೆ ಅಮಾವಾಸ್ಯೆಗೆ ಒಯ್ದ. ನಾನು ಹಳೇ ಪಾಠವನ್ನೇ ಹೊಸ ದನಿಯಲ್ಲಿ ಮೊದಲಿನಿಂದ ಶುರುಮಾಡಿದೆ. ಬೈಕಿನ ಸದ್ದು, ಚಿತ್ತಪ್ಪನವರ ಮಾತು, ತುತ್ತು. ಮೊದಲು ದೂರದ ಬೈಕು, ಆಮೇಲೆ ಹತ್ತಿರದ್ದು. ಅಮಾವಾಸ್ಯೆಯ ದಿನ ನಾನು ಹಟ್ಟಿಯಲ್ಲಿದ್ದಾಗ ತಿಪ್ಪೇಸ್ವಾಮಿ ತಾನೇ ಬೈಕು ತಂದು ಕೆಂಚನ ಮುಂದೆಯೇ ಹೋಗಿ ಬಂದು ಮಾಡಿದ. ಸರಪಳಿ ಬಿಚ್ಚಿದ್ದೆವು. ಕೆಂಚ ಕಿವಿ ನಿಮಿರಿಸಿತು, ಎದ್ದು ಡಬ್ಬಿಯ ಮುಂದೆ ಹೋಗಿ ಕೂತಿತು.

"ನಮ್ಮ ಎಟಿಎಂಗಿಂತ ವಾಸಿ ಬುಡಮ್ಮ," ಎಂದ ತಿಪ್ಪೇಸ್ವಾಮಿ. "ಒತ್ತಿದಾಗೆಲ್ಲ ಬೀಳ್ತೈತೆ."

ಡಬ್ಬಿಯನ್ನು ಇನ್ನಷ್ಟು ದಿನ ಅಲ್ಲೇ ಬಿಟ್ಟೆ. ಕೆಲಸವಿಲ್ಲದಿದ್ದರೂ ಫೋನಿನಲ್ಲಿ ನೋಡುವ ಅಭ್ಯಾಸ ನನಗೆ ಹೋಗಿರಲಿಲ್ಲ. ಒಂದು ಸಂಜೆ ಚಿತ್ತಪ್ಪ ಡ್ಯೂಟಿಯಿಂದ ಬಂದರು. ಖಾಲಿ ರೊಪ್ಪದ ತಡಿಕೆ ಎಳೆದು ತಟ್ಟಿದರು. ತುಟಿ ಅಲುಗಿತು. ನಾಯಿಗೊಂದು ಮುದ್ದೆ ಇಟ್ಟು, ತಾವೂ ತಟ್ಟೆ ಹಿಡಿದು ಪಕ್ಕದಲ್ಲೇ ಕೂತರು. ಇಬ್ಬರೂ ಗುಡ್ಡಕ್ಕೆ ಬೆನ್ನು ಹಾಕಿದ್ದರು. ಡಬ್ಬಿಯ ನೆನಪು ಅವರಿಗಿರಲಿಲ್ಲ. ನಾನು ಕ್ಯಾಮೆರಾ ಆರಿಸಿದೆ, ಮತ್ತೆ ಹಾಕಲಿಲ್ಲ.

ಆಮೇಲೆ ಎಷ್ಟೋ ಚುರುಕು ನಾಯಿಗಳು ಬಂದವು, ಶಿರಾದಿಂದ, ಕೊರಟಗೆರೆಯಿಂದ. ಏನು ಕಲಿಸಬೇಕೆಂದು ಮಾಲೀಕರು ಕೇಳುತ್ತಾರೆ. ಸಾಕು, ಮುಗೀತು ಅನ್ನುವುದಕ್ಕೆ ನಿಮ್ಮ ಮನೆಯಲ್ಲಿ ಒಂದು ಮಾತಿದೆಯೇ ಎಂದು ನಾನು ಮೊದಲು ಕೇಳುತ್ತೇನೆ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಓಡು ಎನ್ನಲು ಎಲ್ಲರಿಗೂ ಬರುತ್ತದೆ. ಓಡಿದ್ದು ಸಾಕು ಎಂದು ಯಾರಾದರೂ ಹೇಳದಿದ್ದರೆ ಅದು ಒಳಗೊಳಗೇ ಓಡುತ್ತಿರುತ್ತದೆ. ಈ ವೃತ್ತಿ ನನಗೆ ಕಲಿಸಿದ್ದು ಅದು.

ಕ್ಯಾಮೆರಾ ಆರಿಸಿದ ಆ ಸಂಜೆ ಕ್ಲಿನಿಕ್ಕಿನ ಶಟರ್ ಎಳೆದೆ. ಅದರ ಮೇಲೆ ಅಂಗೈಯಿಂದ ಒಮ್ಮೆ ತಟ್ಟಿ, ಮೆಟ್ಟಿಲು ಹತ್ತಿ ಹೋಗಿ ಊಟಕ್ಕೆ ಕೂತೆ.