ಯೊಂಗ್‌ಸಿಮ್ ಅಳೆದುಕೊಟ್ಟ ಗದ್ದೆಗಳು

ಗಿಮ್ಜೆ ಬಯಲಿನ ನಮ್ಮೂರಲ್ಲಿ, ಭತ್ತಕ್ಕೆ ಔಷಧಿ ಹೊಡೆಯುವ ಡ್ರೋನ್ ಹಾರಿಸಲು ಕಲಿತ ಮೊದಲ ಹೆಂಗಸು ನನ್ನ ಪಕ್ಕದ ಮನೆಯ ಯೊಂಗ್‌ಸಿಮ್. ಗಂಡ ತೀರಿಕೊಂಡಾಗ ಅವಳಿಗೆ ಐವತ್ತೆರಡು. ಇದ್ದದ್ದು ಮೂರು ಗದ್ದೆ, ಎರಡು ಹಸು.

ಕಲಿಯಲು ಮೂವತ್ತು ಲಕ್ಷ ವಾನ್ ಬೇಕಿತ್ತು. ಒಂದು ಹಸು ಮಾರಿದಳು. ಹುರಿದುಂಬಿಸಿದವನು ಮೈದುನ ತೆಸಿಕ್.

"ಲೈಸೆನ್ಸ್ ನೀವು ತಗೊಳ್ಳಿ ಅತ್ತಿಗೆ, ಯಂತ್ರಕ್ಕೆ ಸರ್ಕಾರದ ಸಹಾಯ ನಾನು ತರ್ತೀನಿ. ಊರಿನ ಗದ್ದೆಯೆಲ್ಲ ನಿಮ್ಮ ಕೈಲೇ."

"ಬೀಳ್ಸಿಬಿಟ್ರೆ?"

"ಅಣ್ಣನ ಜೊತೆ ಅಷ್ಟು ವರ್ಷ ಬಾಳಿದೋರು, ಇದೇನು ದೊಡ್ಡದು."

ಮೊದಲ ಸಲ ಪರೀಕ್ಷೆಯಲ್ಲಿ ಸೋತಳು. ಗಾಳಿಯಲ್ಲಿ ಯಂತ್ರ ಒಂದೇ ಕಡೆ ನಿಲ್ಲಲಿಲ್ಲ. ಡ್ರೋನ್ ಕಲಿಸುವ ಶಾಲೆಯವರಿಂದ ಹಳೆಯದೊಂದು ಚಿಕ್ಕ ಯಂತ್ರ ತಂದು, ಅಂಗಳದಲ್ಲಿ ಸೋಯಾ ಹುದುಗಿಸುವ ಜಾಡಿಗಳ ಮುಚ್ಚಳ ಸಾಲಾಗಿಟ್ಟು, ಅವುಗಳ ನೇರಕ್ಕೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಿದಳು. ಎರಡನೇ ಸಲ ಗೆದ್ದಳು.

ಸಹಾಯದ ಅರ್ಜಿಗೆಂದು ತೆಸಿಕ್ ಅವಳ ಮುದ್ರೆ ಕೇಳಿದ. ನಮ್ಮಲ್ಲಿ ಸಹಿಯ ಜಾಗದಲ್ಲಿ ಮುದ್ರೆಯೇ ನಡೆಯುವುದು. ಮನೆಯವರು ಕೇಳಿದರೆ, ಯಾವ ಕಾಗದ ಎಂದು ಯಾರೂ ವಿಚಾರಿಸುವುದಿಲ್ಲ. "ಕೊಡಮ್ಮ, ಸ್ವಂತ ಮೈದುನ ತಾನೆ" ಎಂದವಳು ನಾನೇ.

ಯಂತ್ರ ಬಂದ ವಸಂತದಲ್ಲಿ, ಜಾಗ ಗುರುತಿಸುವ ಅದರ ಕೋಲು ಹಿಡಿದು ಅರವತ್ತು ಗದ್ದೆಗಳ ಬದುಗಳನ್ನೆಲ್ಲ ನಡೆದಳು. ಎಲ್ಲಿ ಕರೆಂಟಿನ ತಂತಿ, ಎಲ್ಲಿ ಜೇನುಪೆಟ್ಟಿಗೆ, ಯಾರ ಗದ್ದೆ ಎಲ್ಲಿ ಮುಗಿಯುತ್ತದೆ, ಒಂದೊಂದು ಮೂಲೆಯನ್ನೂ ಯಂತ್ರಕ್ಕೆ ಕಲಿಸಿದಳು. ಕಾಲು ಊದಿಕೊಂಡಿತ್ತು. ನಾನು ಅಕ್ಕಿ ಹೆಂಡದ, ಮಕ್ಗೊಲಿಯ, ಬಟ್ಟಲು ಚಾಚಿದರೆ, "ಇವತ್ತು ಆ ಕಡೆ ಬಯಲು ಮುಗಿಸ್ಬೇಕಕ್ಕ" ಎಂದು ಹೊರಡುತ್ತಿದ್ದಳು.

ಆಷಾಢದಲ್ಲಿ ಪೈರಿಗೆ ಬೆಂಕಿ ರೋಗ ಕಾಣಿಸಿಕೊಂಡಿತು. ತೆಸಿಕ್ ವ್ಯಾನಿನಲ್ಲಿ ಬಂದ. ಜೊತೆಗೆ ಪೇಟೆಯವನೊಬ್ಬ, ಕೈಯಲ್ಲಿ ಯಂತ್ರ ನಡೆಸುವ ಪರದೆ.

"ಅವನು ಯಾರು?" ಯೊಂಗ್‌ಸಿಮ್ ಕೇಳಿದಳು.

"ಕಂಪನಿಯೋನು. ಯಂತ್ರಕ್ಕೆ ಈಗ ದಾರಿ ಗೊತ್ತಲ್ಲ ಅತ್ತಿಗೆ, ಒತ್ತಿದ್ರೆ ಸಾಕು. ನೀವು ಆರಾಮಾಗಿರಿ."

"ಯಂತ್ರ ನನ್ನ ಹೆಸ್ರಲ್ಲಿದೆಯಲ್ಲ."

ತೆಸಿಕ್ ಕಾಗದ ತೆಗೆದು ತೋರಿಸಿದ. ಯಂತ್ರವನ್ನೂ ಊರಿನ ಔಷಧಿ ಹೊಡೆಯುವ ಗುತ್ತಿಗೆಯನ್ನೂ ತೆಸಿಕ್‌ನದೇ ಕಂಪನಿಗೆ ಅವಳು ಬರೆದುಕೊಟ್ಟಂತಿತ್ತು. ಕೆಳಗೆ ಅವಳ ಮುದ್ರೆ, ಕೆಂಪಗೆ, ಸ್ಪಷ್ಟವಾಗಿ.

ಯೊಂಗ್‌ಸಿಮ್ ಚಪ್ಪಲಿ ಬಿಟ್ಟು ತನ್ನ ಗದ್ದೆಗಿಳಿದು, ನಡುವೆ ಹೋಗಿ ನಿಂತಳು. ಆಳು ನಿಂತ ಗದ್ದೆಯ ಮೇಲೆ ಔಷಧಿ ಹೊಡೆಯುವಂತಿಲ್ಲ. ಪೇಟೆಯವನು ಹಾರಿಸಿದ ಯಂತ್ರ ಅವಳ ಗದ್ದೆಯ ಅಂಚಲ್ಲೇ ಗುಂಯ್‌ಗುಟ್ಟುತ್ತ ನಿಂತಿತು. ಅವಳ ಗದ್ದೆ ದಾಟದೆ ಮುಂದಿನ ಸಾಲಿಗೆ ಹೋಗಲು ಅದಕ್ಕೆ ಅವಳು ದಾರಿ ಕಲಿಸಿರಲಿಲ್ಲ.

"ಈಚೆ ಬನ್ನಿ ಅತ್ತಿಗೆ, ಜನ ನೋಡ್ತಿದ್ದಾರೆ."

"ನೋಡ್ಲಿ. ನೀನು ಮಾಡಿದ್ದನ್ನೂ ನೋಡ್ಲಿ."

ಬೆಳಿಗ್ಗೆ ಒಂಬತ್ತರ ಮೇಲೆ ಗಾಳಿ ಏಳುತ್ತದೆ. ಆಮೇಲೆ ಆ ದಿನ ಔಷಧಿ ಇಲ್ಲ. ಬದುವಿನ ಮೇಲೆ ನಿಂತವರು ಗಡಿಯಾರ ನೋಡತೊಡಗಿದರು. "ನಿಮ್ಮನೆ ಜಗಳ ಮನೇಲಿ ಇಟ್ಕೊಳಮ್ಮ" ಎಂದ ಊರಿನ ಮುಖ್ಯಸ್ಥ. "ನನ್ನ ಪೈರು ಒಣಗ್ತಿದೆ" ಎಂದಳು ಇನ್ನೊಬ್ಬಳು. ಯೊಂಗ್‌ಸಿಮ್ ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಅವಳ ಗದ್ದೆಯ ಆಚೆಯದು ನನ್ನದು. ಎಲೆಗಳ ಮೇಲೆ ಕಂದು ಚುಕ್ಕೆ ಹರಡಿತ್ತು.

"ಸಾಕು ಬಾ ಯೊಂಗ್‌ಸಿಮ್, ಹೊತ್ತಾಯ್ತು" ಎಂದೆ.

ಅವಳು ಕೆಸರಿನಿಂದ ಕಾಲು ಕಿತ್ತುಕೊಂಡು ಮೇಲೆ ಬಂದು, ನನ್ನನ್ನು ದಾಟಿಕೊಂಡು ಮನೆಗೆ ನಡೆದಳು. ಆ ವರ್ಷ ನನ್ನ ಪೈರು ಉಳಿಯಿತು.